ಪದಚರ್ಚೆ: ಎಕ್ಸ್‌ಟೆನ್ಸಿವ್ ರೀಡಿಂಗ್‌ಗೆ ‘ವಿಸ್ತೃತ ಓದು’ ಸರಿಯೇ?

ಗೆಳೆಯರೇ, ನಮಸ್ಕಾರ.

ಬೆಂಗಳೂರಿಗೆ ಹೊರಗಿನಿಂದ ಬಂದವರಿಗೆ ಕನ್ನಡ ಕಲಿಸುವ ನಾವು ಕೆಲವರು ಸೇರಿ, ಕಲಿಸುವವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ಅದರಲ್ಲಿ ಒಂದು ಅಧ್ಯಾಯ ಎಕ್ಸ್‌ಟೆನ್ಸಿವ್ ರೀಡಿಂಗ್ ಬಗ್ಗೆ. ಇದಕ್ಕೆ ಕನ್ನಡದಲ್ಲಿ ಏನನ್ನೋಣ? ಬಿ.ಎಡ್. ಟಿಪ್ಪಣಿಗಳಲ್ಲಿ ‘ವಿಸ್ತೃತ ಓದು’, ‘ವಿಸ್ತಾರ ವಾಚನ’, ‘ವ್ಯಾಪಕ ಓದು’ ಎಂದೆಲ್ಲ ಕಾಣುತ್ತವೆ. ಮೂರೂ ನನಗೆ ಒಗ್ಗುತ್ತಿಲ್ಲ.

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. ಕಲಿಯುವವರು ತಮಗೆ ಸುಲಭವಾದ, ತಾವೇ ಆರಿಸಿಕೊಂಡ ಪುಸ್ತಕಗಳನ್ನು ಒಂದಾದ ಮೇಲೊಂದು ಓದುತ್ತಾ ಹೋಗಬೇಕು. ಮನಸ್ಸಿನಲ್ಲೇ ಓದಿಕೊಳ್ಳಬೇಕು. ನಿಘಂಟು ಪಕ್ಕಕ್ಕೆ. ಬೇಜಾರಾದರೆ ಆ ಪುಸ್ತಕ ಬಿಟ್ಟು ಇನ್ನೊಂದು. ಕೊನೆಯಲ್ಲಿ ಪ್ರಶ್ನೋತ್ತರ ಇಲ್ಲ. ಸುಲಭ ಅಂದರೆ ಎಷ್ಟು ಸುಲಭ? ಯಾರ ಸಹಾಯವೂ ಇಲ್ಲದೆ ಓದಿ ಅರ್ಥವಾಗಬೇಕಾದರೆ ನೂರಕ್ಕೆ 98 ಪದ ಮೊದಲೇ ಗೊತ್ತಿರಬೇಕು ಅನ್ನುತ್ತಾರೆ ಪದಕಲಿಕೆಯ ಸಂಶೋಧಕ ಪಾಲ್ ನೇಷನ್. ಹೊಸ ಪದ ನೂರಕ್ಕೆ ಎರಡೇ ಎರಡು. ಗೊತ್ತಿರುವ ಪದಗಳೇ ಮತ್ತೆ ಮತ್ತೆ, ಬೇರೆ ಬೇರೆ ಸಂದರ್ಭದಲ್ಲಿ ಎದುರಾಗಿ ರೂಢಿಗೆ ಬರಬೇಕು. ಅದೇ ಇದರ ಗುಟ್ಟು.

ಈಗ ‘ವಿಸ್ತೃತ’ಕ್ಕೆ ಬರೋಣ. ಮೂಲದಲ್ಲಿ ಅದಕ್ಕೆ ‘ಹರಡಿಕೊಂಡ’ ಎಂಬ ಅರ್ಥ ಇರುವುದು ನಿಜ. ಆದರೆ ನಾವು ದಿನಾ ಬಳಸುವುದು ಹೇಗೆ? ‘ವಿಸ್ತೃತ ವರದಿ’ ಅಂದರೆ ವಿವರವಾದ ವರದಿ. ಪ್ರಶ್ನೆಪತ್ರಿಕೆಯಲ್ಲಿ ‘ವಿಸ್ತಾರವಾಗಿ ಬರೆಯಿರಿ’ ಅಂದರೆ ಒಂದನ್ನೂ ಬಿಡದೆ ಬರೆಯಿರಿ ಅಂತ. ಹಾಗಾಗಿ ‘ವಿಸ್ತೃತ ಓದು’ ಅಂದ ಕೂಡಲೇ ಮೇಷ್ಟ್ರಿಗೆ ಹೊಳೆಯುವುದು ಸಾಲುಸಾಲಾಗಿ ಬಿಡಿಸಿ, ಪದಪದಕ್ಕೂ ಅರ್ಥ ಹೇಳುವ ಓದು. ಅದಂತೂ ಇಂಟೆನ್ಸಿವ್ ರೀಡಿಂಗ್! ಹಳೆಯ ಇಂಗ್ಲಿಷ್ ತರಗತಿಗಳಲ್ಲಿ ಒಂದು ‘ನಾನ್‌ಡೀಟೇಲ್ಡ್’ ಪುಸ್ತಕ ಇರುತ್ತಿತ್ತು, ಹಿರಿಯರಿಗೆ ನೆನಪಿರುತ್ತದೆ. ಅದು ಇದೇ ವಿಚಾರದ ಶಾಲಾ ರೂಪ. ‘ವಿವರಕ್ಕೆ ಹೋಗದ’ ಎಂದು ಹೆಸರಿದ್ದ ಓದಿಗೆ ನಾವು ‘ವಿವರವಾದ’ ಎಂದು ಕೇಳಿಸುವ ಹೆಸರಿಟ್ಟರೆ ಹೇಗೆ?

‘ವಾಚನ’ದ ತೊಡಕು ಬೇರೆ. ಕವನ ವಾಚನ, ಗಮಕ ವಾಚನ ಎಲ್ಲವೂ ದನಿಯೆತ್ತಿ ಮಾಡುವಂಥವು. ‘ಪಠಣ’ ಅಂದರೆ ಮಂತ್ರ ನೆನಪಾಗುತ್ತದೆ. ಇಲ್ಲಿರುವುದು ಮೌನದ ಓದು.

‘ವ್ಯಾಪಕ ಓದು’ ಸ್ವಲ್ಪ ಹತ್ತಿರ. ಆದರೆ ‘ವ್ಯಾಪಕವಾಗಿ ಓದಿಕೊಂಡವರು’ ಅಂದರೆ ಹತ್ತಾರು ವಿಷಯ ಬಲ್ಲ ವಿದ್ವಾಂಸರು ಕಣ್ಣಮುಂದೆ ಬರುತ್ತಾರೆ. ಇಲ್ಲಿ ವಿಷಯದ ಹರವು ಮುಖ್ಯವೇ ಅಲ್ಲ. ಭಾಷಾ ಕಲಿಕೆಯ ತಜ್ಞ ಸ್ಟೀಫನ್ ಕ್ರಾಶೆನ್ ಅಂತೂ ಒಬ್ಬರೇ ಲೇಖಕರ ಅಥವಾ ಒಂದೇ ವಿಷಯದ ಪುಸ್ತಕಗಳನ್ನು ಸಾಲಾಗಿ ಓದಿ ಅನ್ನುತ್ತಾರೆ. ಆಗ ಅವೇ ಪದಗಳು ತಿರುತಿರುಗಿ ಸಿಗುತ್ತವೆ.

ಎಕ್ಸ್‌ಟೆನ್ಸಿವ್, ಇಂಟೆನ್ಸಿವ್ ಎಂಬ ಈ ಇಂಗ್ಲಿಷ್ ಜೋಡಿಪದ ಭಾಷಾ ಕಲಿಕೆಯಲ್ಲಿ ನೆಲೆಯೂರಿದ್ದು ಸುಮಾರು ನೂರು ವರ್ಷದ ಹಿಂದೆ, ಇಂಗ್ಲಿಷ್ ಬೋಧನೆಯ ತಜ್ಞ ಹೆರಾಲ್ಡ್ ಪಾಮರ್ ಬರಹಗಳಿಂದ. ನಮಗೆ ಇನ್ನೂ ಹತ್ತಿರದ ಹೆಸರು ಮೈಕೆಲ್ ವೆಸ್ಟ್. 1920ರ ದಶಕದಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದವರು. ಬಂಗಾಳಿ ಹುಡುಗರ ಇಂಗ್ಲಿಷ್ ಪುಸ್ತಕಗಳಲ್ಲಿ ಸಾಲಿಗೊಂದು ಹೊಸ ಪದ ತುರುಕಿರುವುದನ್ನು ಕಂಡು ಅವರು ಎರಡೇ ಕೆಲಸ ಮಾಡಿದರು. ಅಪರೂಪದ ಪದ ತೆಗೆದು ಬಳಕೆಯ ಪದ ಹಾಕಿದರು. ಹೊಸ ಪದಗಳ ನಡುವೆ ಸಾಕಷ್ಟು ಅಂತರ ಬಿಟ್ಟರು. ಇವತ್ತಿನ ಗ್ರೇಡೆಡ್ ರೀಡರ್‌ಗಳ, ಅಂದರೆ ಕಲಿಯುವವರ ಮಟ್ಟಕ್ಕೆ ತಕ್ಕಂತೆ ಹಂತಹಂತವಾಗಿ ಬರೆದ ಪುಸ್ತಕಗಳ, ಒಂದು ದೊಡ್ಡ ಬೇರು ಅಲ್ಲಿದೆ. ಮುಂದೆ 1980ರ ಸುಮಾರಿಗೆ ಫಿಜಿಯ ಹಳ್ಳಿ ಶಾಲೆಗಳಲ್ಲಿ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗೂಭಾಯಿ ಎಂಬ ಸಂಶೋಧಕರು ತರಗತಿಗೆ ಸುಮಾರು 250ರಂತೆ ಚಿತ್ರವಿರುವ ಇಂಗ್ಲಿಷ್ ಕಥೆಪುಸ್ತಕ ಕೊಟ್ಟು ನೋಡಿದರು. ಆ ಮಕ್ಕಳ ಓದು ಮಾಮೂಲಿಗಿಂತ ಎರಡು ಪಟ್ಟು ವೇಗದಲ್ಲಿ ಮುಂದೆ ಹೋಯಿತು. ಹೆಚ್ಚು ಅನ್ನುವುದೇ ಇಲ್ಲಿ ಮುಖ್ಯ, ಅಲ್ವಾ?

ನಮ್ಮ ತರಗತಿಯಲ್ಲೂ ಇದನ್ನೇ ನೋಡುತ್ತಿದ್ದೇನೆ. ಪಟ್ನಾದಿಂದ ಬಂದ ಒಬ್ಬರು ಒಂದನೇ ಹಂತದ ಮಕ್ಕಳ ಕಥೆ ಹಿಡಿದು ಕೂತಿದ್ದರು. ‘ಕೋತಿ ಹಣ್ಣು ತಿಂದುಬಿಟ್ಟಿತು’ ಎಂಬ ಕಡೆ ನಿಂತರು. “ಮೇಡಂ, ತಿಂದಿತಾ, ಬಿಟ್ಟಿತಾ?” ನಾನು ವ್ಯಾಕರಣ ಹೇಳಲಿಲ್ಲ, ಮುಂದೆ ಓದಿ ಅಂದೆ. ಮುಂದಿನ ಪುಟದಲ್ಲಿ ಮಡಕೆ ಬಿದ್ದುಬಿಟ್ಟಿತು. ಇನ್ನೊಂದು ಪುಸ್ತಕದಲ್ಲಿ ಮೇಕೆ ಓಡಿಬಿಟ್ಟಿತು. ಕೆಲವು ವಾರ ಕಳೆದ ಮೇಲೆ ತರಗತಿಗೆ ತಡವಾಗಿ ಬಂದು, “ಮೇಡಂ, ಬಸ್ ಹೋಗ್ಬಿಡ್ತು” ಅಂದರು. ಎಷ್ಟು ಖುಷಿಯಾಯಿತು ಗೊತ್ತಾ! ‘ಬಿಡು’ ಕ್ರಿಯಾಪದದ ಈ ಬಳಕೆಯನ್ನು ಬೋರ್ಡಿನ ಮೇಲೆ ಬರೆದು ಕಲಿಸಲು ಹೋದರೆ ತಲೆ ಕೆಡುತ್ತದೆ.

ಜಪಾನಿನವರು ಇದಕ್ಕೆ ‘ತದೊಕು’ ಅನ್ನುತ್ತಾರೆ. ತ ಅಂದರೆ ಬಹಳ, ದೊಕು ಅಂದರೆ ಓದು. ಎಷ್ಟು ನೇರ ನೋಡಿ. ಅದೇ ದಾರಿಯಲ್ಲಿ ಹೋದರೆ ನಮಗೆ ‘ಬಹುವಾಚನ’ ಸಿಗುತ್ತದೆ. ಆದರೆ ಅದನ್ನು ಎಲ್ಲರೂ ‘ಬಹುವಚನ’ ಎಂದೇ ಓದುತ್ತಾರೆ. ‘ತುಂಬು ಓದು’ ಚೆನ್ನಾಗಿದೆ, ಆದರೆ ತುಂಬು ಗರ್ಭಿಣಿ, ತುಂಬು ಕುಟುಂಬದ ಹಾಗೆ ಪೂರ್ತಿಯಾದ ಎಂಬ ಅರ್ಥ ಕೊಡುತ್ತದೆ. ಸದ್ಯಕ್ಕೆ ನನ್ನ ಮನಸ್ಸು ‘ಹೇರಳ ಓದು’ ಕಡೆಗಿದೆ. ಹೇರಳ ಅಂದರೆ ಯಥೇಚ್ಛ, ಕೊರತೆಯಿಲ್ಲದಷ್ಟು. ಮಳೆ, ಬೆಳೆ, ಹಣ್ಣುಹಂಪಲಿನ ಜೊತೆ ಬರುವ ಪದ. ಅದರಲ್ಲಿ ಕಷ್ಟಪಡುವ ಛಾಯೆ ಇಲ್ಲ. ಇಂಟೆನ್ಸಿವ್ ರೀಡಿಂಗ್‌ಗೆ ‘ಬಿಡಿಸಿ ಓದು’ ಎಂದಿಟ್ಟರೆ ಜೋಡಿಯೂ ಆಗುತ್ತದೆ.

ಆದರೂ ‘ಓದು’ ಎಂಬ ಪದದ ಬಗ್ಗೆಯೇ ಒಂದು ಅನುಮಾನ. ಹಳೇ ಮೈಸೂರಿನ ಕಡೆ ‘ಏನು ಓದ್ತಿದ್ದೀಯ ಮಗಾ?’ ಎಂದು ಕೇಳಿದರೆ ಎಷ್ಟನೇ ಕ್ಲಾಸು ಅಂತ ಅರ್ಥ. ಅಮ್ಮ ‘ಓದ್ಕೊ ಹೋಗು’ ಅಂದಾಗ ಮಗು ತೆಗೆಯುವುದು ಪಠ್ಯಪುಸ್ತಕವನ್ನೇ. ಕಥೆಪುಸ್ತಕ ಹಿಡಿದರೆ ‘ಸುಮ್ನೆ ಟೈಮ್ ವೇಸ್ಟ್ ಮಾಡ್ಬೇಡ, ಓದು’ ಅನ್ನಿಸಿಕೊಳ್ಳಬೇಕು! ಉತ್ತರ ಕರ್ನಾಟಕದಲ್ಲಿ ಪರೀಕ್ಷೆಯ ಓದಿಗೆ ‘ಅಭ್ಯಾಸ ಮಾಡು’ ಎನ್ನುವ ರೂಢಿ ಇದೆ. ಹಾಗಿದ್ದರೆ ಅಲ್ಲಿ ‘ಓದು’ ಮೇಲೆ ಈ ಭಾರ ಕಡಿಮೆಯೇ? ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ. ಖುಷಿಗಾಗಿ ಓದುವುದಕ್ಕೆ ಕರಾವಳಿಯಲ್ಲೋ ಮಲೆನಾಡಿನಲ್ಲೋ ಬೇರೆ ಮಾತು ಇದ್ದರೆ ಅದೂ ಬೇಕು.

ಜೊತೆಗೆ ಗ್ರೇಡೆಡ್ ರೀಡರ್‌ಗೂ ಒಂದು ಕನ್ನಡ ಪದ ಬೇಕು. ರೀಡರ್ ಅಂದರೆ ಇಲ್ಲಿ ಪುಸ್ತಕ, ‘ಓದುಗ’ ಅಂದರೆ ಮನುಷ್ಯ. ‘ವಾಚಿಕೆ’ ಈಗಾಗಲೇ ಲೇಖಕರ ಆಯ್ದ ಬರಹಗಳ ಸಂಕಲನಕ್ಕೆ ಹೋಗಿದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಜಾಲತಾಣದಲ್ಲಿ ಕನ್ನಡ ಕಥೆಗಳನ್ನು ನಾಲ್ಕು ಹಂತ ಮಾಡಿ ಇಟ್ಟಿದ್ದಾರೆ, ಆದ್ದರಿಂದ ‘ಹಂತದ ಪುಸ್ತಕ’ ಸಾಕು ಅನ್ನಿಸುತ್ತದೆ. ಆದರೆ ದೊಡ್ಡವರಿಗೆ ಹಂತ ಮಾಡುವಾಗ ಪದ ಎಣಿಸುವುದು ಹೇಗೆ? ‘ಬರಬೇಕಾಗಿತ್ತಂತೆ’ ಒಂದು ಪದವೋ, ನಾಲ್ಕೋ? ವ್ಯಾಕರಣ ಬಲ್ಲವರು ಇದಕ್ಕೆ ಒಂದು ಲೆಕ್ಕ ಹೇಳಿಕೊಟ್ಟರೆ ಅದನ್ನೂ ಕೈಪಿಡಿಗೆ ಸೇರಿಸುತ್ತೇವೆ.