ವಿಎಂಗಳಿಗೆ ಇಂಟರ್ನೆಟ್ ಇದೆ, ಪ್ರಾಕ್ಸ್‌ಮಾಕ್ಸ್ ಸರ್ವರ್‌ಗೆ ಮಾತ್ರ ಇಲ್ಲ

ಮೂರ್ನಾಡು_ತೋಟ:
ನಮಸ್ಕಾರ. ಮನೆಯ ಹಳೆಯ ಡೆಸ್ಕ್‌ಟಾಪನ್ನು ಸರ್ವರ್ ಮಾಡಿ ಪ್ರಾಕ್ಸ್‌ಮಾಕ್ಸ್ 8 (ಒಂದೇ ಯಂತ್ರದೊಳಗೆ ಹಲವು ಕಂಪ್ಯೂಟರ್ ನಡೆಸುವ ತಂತ್ರಾಂಶ) ಹಾಕಿಕೊಂಡಿದ್ದೇನೆ. ಅದರೊಳಗೆ ಎರಡು ವಿಎಂ, ಅಂದರೆ ವರ್ಚುವಲ್ ಕಂಪ್ಯೂಟರ್. ಒಂದರಲ್ಲಿ ತೋಟದ ಕೂಲಿ ಮತ್ತು ಮಳೆಯ ಲೆಕ್ಕ, ಇನ್ನೊಂದರಲ್ಲಿ ಗೇಟಿನ ಕ್ಯಾಮೆರಾದ ರೆಕಾರ್ಡಿಂಗ್ (ರಾತ್ರಿ ಆನೆ ಎತ್ತ ಹೋಯಿತೆಂದು ಬೆಳಿಗ್ಗೆ ತಿಳಿಯಬೇಕಲ್ಲ). ಕಳೆದ ವಾರ ಹೂಮಳೆ ಒಂದು ಇಂಚು ಇಪ್ಪತ್ತು ಸೆಂಟು ಸುರಿಯಿತು. ಕಾಫಿಗೆ ಒಳ್ಳೆಯದಾಯಿತು, ರೂಟರ್ ಸಿಡಿಲಿಗೆ ಸುಟ್ಟುಹೋಯಿತು. ಹೊಸದು ಹಾಕಿಸಿದೆ. ಮೊಬೈಲ್, ಲ್ಯಾಪ್‌ಟಾಪ್, ಎರಡೂ ವಿಎಂ, ಎಲ್ಲಕ್ಕೂ ಇಂಟರ್ನೆಟ್ ಬಂತು. ಸರ್ವರ್‌ಗೆ ಮಾತ್ರ ಇಲ್ಲ. 8006ನೇ ಪೋರ್ಟಿನಲ್ಲಿ ಅದರ ಪುಟ ಎಂದಿನಂತೆ ತೆರೆಯುತ್ತದೆ, ಅಪ್‌ಡೇಟ್ ಮಾಡಹೊರಟರೆ ಆಗುವುದಿಲ್ಲ. ಕೇಬಲ್ ಬದಲಿಸಿದೆ, ಮೂರು ಸಲ ರೀಸ್ಟಾರ್ಟ್ ಮಾಡಿದೆ. ನೆಟ್‌ವರ್ಕ್ ಕಾರ್ಡಿಗೂ ಸಿಡಿಲು ಬಡಿದಿರಬಹುದೇ?

ಗೋಣಿಕೊಪ್ಪ_ಲಿನಕ್ಸ್:
ಕಾರ್ಡಿಗೆ ಏನೂ ಆಗಿಲ್ಲ. ವಿಎಂಗಳೂ ಅದೇ ಕಾರ್ಡಿನಿಂದಲೇ, ವಿಎಂಬಿಆರ್0 ಎಂಬ ಬ್ರಿಡ್ಜ್ (ವಿಎಂಗಳನ್ನು ಕಾರ್ಡಿಗೆ ಜೋಡಿಸುವ ಸೇತುವೆ) ದಾಟಿಯೇ ಹೊರಗೆ ಹೋಗಬೇಕು. ಅವು ಹೋಗುತ್ತಿವೆ ಎಂದರೆ ದಾರಿ ಸರಿಯಿದೆ. ಸರ್ವರ್‌ನ ಶೆಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಹೊರಗಿನ ವಿಳಾಸವಾದ 8.8.8.8ಕ್ಕೆ ಪಿಂಗ್ ಮಾಡಿ, ಉತ್ತರ ಬರುತ್ತದೆಯೇ ನೋಡಿ, ಆಮೇಲೆ ಹೊರಗೆ ಹೋಗುವ ದಾರಿ ತೋರಿಸುವ ‘ಐಪಿ ರೂಟ್’ ಕೊಡಿ. ಬಂದದ್ದನ್ನು ಹಾಗೆಯೇ ಇಲ್ಲಿ ಹಾಕಿ. ಹೊಸ ರೂಟರ್‌ನ ವಿಳಾಸ ಎಷ್ಟು?

ಮೂರ್ನಾಡು_ತೋಟ:
ಪಿಂಗ್: ‘192.168.1.50ರಿಂದ, ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’.
ರೂಟ್: ‘ಡಿಫಾಲ್ಟ್ ವಯಾ 192.168.1.1 ಡೆವ್ ವಿಎಂಬಿಆರ್0’.
ರೂಟರ್‌ನ ಪುಟ ತೆರೆಯುವುದು 192.168.1.254ರಲ್ಲಿ.

ಗೋಣಿಕೊಪ್ಪ_ಲಿನಕ್ಸ್:
ಸಿಕ್ಕಿತು. ನಿಮ್ಮ ಸರ್ವರ್ 192.168.1.1ರಲ್ಲಿದ್ದ, ಸುಟ್ಟುಹೋದ ರೂಟರನ್ನೇ ಇನ್ನೂ ಹುಡುಕುತ್ತಿದೆ. ಪಿಂಗ್‌ನ ಉತ್ತರ ನೋಡಿ: ಅದು ಹೊರಗಿನಿಂದ ಬಂದದ್ದಲ್ಲ, 1.50 ಎಂದರೆ ಸರ್ವರ್ ತಾನೇ ಹೇಳಿಕೊಂಡದ್ದು. 1.1 ಎಲ್ಲಿದ್ದೀಯ ಎಂದು ಕೂಗಿದರೆ ಮನೆಯಲ್ಲಿ ಓಗೊಡುವವರಿಲ್ಲ. ವಿಎಂಗಳು ಡಿಎಚ್‌ಸಿಪಿಯವು (ವಿಳಾಸ, ದಾರಿ ಎರಡನ್ನೂ ರೂಟರನ್ನೇ ಕೇಳಿ ಪಡೆಯುವಂಥವು), ಹೊಸ ರೂಟರ್ ಹೇಳಿದ ದಾರಿಯನ್ನು ಹಿಡಿದವು. ಪ್ರಾಕ್ಸ್‌ಮಾಕ್ಸ್‌ಗೆ ಇನ್‌ಸ್ಟಾಲ್ ಮಾಡುವಾಗ ನೀವು ಬರೆದುಕೊಟ್ಟದ್ದೇ ಕೊನೆ, ತಾನಾಗಿ ಬದಲಾಗುವುದಿಲ್ಲ. ಲ್ಯಾಪ್‌ಟಾಪ್ ಮತ್ತು ಸರ್ವರ್ ಎರಡೂ 192.168.1ರಲ್ಲೇ ಇರುವುದರಿಂದ 8006 ತೆರೆಯುತ್ತದೆ, ಅದಕ್ಕೆ ಗೇಟ್‌ವೇಯೇ (ಹೊರಗೆ ಹೋಗುವ ಬಾಗಿಲು, ಇಲ್ಲಿ ರೂಟರ್) ಬೇಡ. ನಿಮ್ಮನ್ನು ದಾರಿ ತಪ್ಪಿಸಿದ್ದು ಇದೇ ಇರಬೇಕು.

ಆ 8006ರ ಪುಟದಲ್ಲಿ ನೋಡ್ (ನಿಮ್ಮ ಸರ್ವರ್‌ನ ಹೆಸರು), ಸಿಸ್ಟಮ್, ನೆಟ್‌ವರ್ಕ್ ಎಂದು ಹೋಗಿ, ವಿಎಂಬಿಆರ್0 ತೆರೆದು ಗೇಟ್‌ವೇಯನ್ನು 192.168.1.254 ಮಾಡಿ, ‘ಅಪ್ಲೈ ಕಾನ್ಫಿಗರೇಶನ್’ ಒತ್ತಿ. ಐಪಿ ವಿಳಾಸವನ್ನು ಮುಟ್ಟಬೇಡಿ. ಒತ್ತುವ ಮೊದಲು ಸರ್ವರ್‌ಗೆ ಒಂದು ಮಾನಿಟರ್, ಕೀಬೋರ್ಡ್ ಚುಚ್ಚಿಡಿ. ಕೈತಪ್ಪಿ ಐಪಿ ವಿಳಾಸದ ಒಂದು ಅಂಕಿ ಬದಲಾದರೂ ಪುಟ ಕೈಗೆ ಸಿಗುವುದಿಲ್ಲ.

ಮೂರ್ನಾಡು_ತೋಟ:
ಅರ್ಧ ಗೆದ್ದೆ ಅಣ್ಣ. 8.8.8.8 ಉತ್ತರ ಕೊಡುತ್ತಿದೆ. ಆದರೆ ಅಪ್‌ಡೇಟ್‌ನಲ್ಲಿ ಹೆಸರು ಪತ್ತೆಯಾಗುತ್ತಿಲ್ಲ ಎಂಬ ದೂರು.

ಗೋಣಿಕೊಪ್ಪ_ಲಿನಕ್ಸ್:
ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೂಡ ಹಳೆಯ 1.1ರಲ್ಲೇ ಇರುತ್ತದೆ. ಸಿಸ್ಟಮ್‌ನ ಕೆಳಗೇ ಡಿಎನ್‌ಎಸ್ ಇದೆ, ಅಲ್ಲಿ 1.254 ಹಾಕಿ. ಅದಾದ ಮೇಲೆ ಅಪ್‌ಡೇಟ್‌ನಲ್ಲಿ 401 ಎಂಬ ದೋಷ ಬಂದರೆ ಹೆದರಬೇಡಿ, ಅದು ಇಂಟರ್ನೆಟ್ ತೊಂದರೆಯಲ್ಲ. ಹಣ ಕಟ್ಟಿದವರ ಎಂಟರ್‌ಪ್ರೈಸ್ ರೆಪಾಸಿಟರಿ (ಅಪ್‌ಡೇಟ್ ಇಳಿಯುವ ಉಗ್ರಾಣ) ನಿಮ್ಮನ್ನು ಒಳಗೆ ಬಿಡುತ್ತಿಲ್ಲ, ಅಷ್ಟೆ. ಅಪ್‌ಡೇಟ್ಸ್‌ನ ರೆಪಾಸಿಟರೀಸ್‌ನಲ್ಲಿ ಅದನ್ನು ನಿಲ್ಲಿಸಿ, ‘ನೋ ಸಬ್‌ಸ್ಕ್ರಿಪ್ಶನ್’ ಸೇರಿಸಿ.

ಸಿದ್ದಾಪುರ_ಕೇಬಲ್:
ನಡುವೆ ಬಾಯಿ ಹಾಕುತ್ತಿದ್ದೇನೆ. ಹೊಸ ರೂಟರ್ ಎಷ್ಟರಿಂದ ಎಷ್ಟರವರೆಗೆ ವಿಳಾಸ ಹಂಚುತ್ತಿದೆ ಎಂದು ನೋಡಿಕೊಳ್ಳಿ. 50 ಅದರೊಳಗೆ ಬಂದರೆ ಮುಂದೊಂದು ದಿನ ನೆಂಟರ ಮೊಬೈಲ್‌ಗೆ ನಿಮ್ಮ ಸರ್ವರ್‌ನ ವಿಳಾಸವೇ ಸಿಕ್ಕಿಬಿಡುತ್ತದೆ. ನಮ್ಮಲ್ಲಿ ಹಾಗೆಯೇ ಆಗಿ ಎರಡು ದಿನ ತಲೆ ಕೆರೆದುಕೊಂಡೆ. ಮತ್ತೆ, ಗುಡುಗಿದಾಗ ಕರೆಂಟಿನ ಪ್ಲಗ್ ಕಿತ್ತರೆ ಸಾಲದು. ಕ್ಯಾಮೆರಾದಿಂದ ಬರುವ ತಾಮ್ರದ ಲ್ಯಾನ್ ಕೇಬಲನ್ನೂ ಕೀಳಬೇಕು.

ಮೂರ್ನಾಡು_ತೋಟ:
ಡಿಎನ್‌ಎಸ್ ಬದಲಿಸಿದೆ, ಹೇಳಿದ ಹಾಗೆಯೇ 401 ಬಂತು, ಅದನ್ನೂ ಸರಿಮಾಡಿದೆ. ಈಗ ಅಪ್‌ಡೇಟ್ ಇಳಿಯುತ್ತಿದೆ. ರೂಟರ್ 2ರಿಂದಲೇ ಹಂಚುತ್ತಿತ್ತು, 100ರಿಂದ ಶುರುವಾಗುವಂತೆ ಮಾಡಿದೆ. ಇಬ್ಬರಿಗೂ ಧನ್ಯವಾದ. ಬೇತ್ರಿ ಕಡೆ ಗುಡುಗುತ್ತಿದೆ, ಇದು ಮುಗಿದ ಕೂಡಲೇ ಎರಡೂ ಕೀಳುತ್ತೇನೆ.