ಪರದೇಶದ ಸೈಕಲ್ ಪ್ರವಾಸ: ರೆಸ್ಟ್ ದಿನ ಎಲ್ಲಿ, ಯಾವಾಗ, ಹೇಗೆ?

ಬಳ್ಳಾರಿಯಿಂದ ಪ್ರಶ್ನೆ

ಬರುವ ಜೂನ್‌ನಲ್ಲಿ ನಾನು ಮತ್ತು ಗೆಳೆಯ ಡಾನ್ಯೂಬ್ ನದಿ ಪಕ್ಕದ ಸೈಕಲ್ ದಾರಿ ಹಿಡಿಯುತ್ತಿದ್ದೇವೆ. ಜರ್ಮನಿಯ ಡೊನಾವೆಶಿಂಗೆನ್‌ನಿಂದ ಹಂಗೇರಿಯ ಬುಡಾಪೆಸ್ಟ್‌ವರೆಗೆ, ಸುಮಾರು 1,200 ಕಿ.ಮೀ. ಟೆಂಟು, ಒಲೆ ಎಲ್ಲ ಸೈಕಲ್ ಮೇಲೆಯೇ. ಕೈಯಲ್ಲಿರುವುದು 25 ದಿನ. ಪ್ರತಿ ಭಾನುವಾರ ಹಂಪಿಗೆ ತುಳಿದು ಬರುವವರು ನಾವು, ದೂರದ ಹೆದರಿಕೆ ಇಲ್ಲ. ಅಷ್ಟು ಖರ್ಚು ಮಾಡಿ ಹೋಗಿ ಸುಮ್ನೆ ಕೂರೋದು ಯಾಕೆ, ದಿನಾ ತುಳಿಯೋಣ ಅನ್ನುತ್ತಾನೆ ಗೆಳೆಯ. ರೆಸ್ಟ್ ದಿನ ಬೇಕಾ? ಬೇಕಾದರೆ ಎಷ್ಟು, ಎಲ್ಲಿ? ಆ ದಿನ ಏನು ಮಾಡಬೇಕು? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಕೊಪ್ಪಳದಿಂದ

ಬೇಕೇ ಬೇಕು. ಭಾನುವಾರ ಹಂಪಿಗೆ ತುಳಿದವರು ಸೋಮವಾರದಿಂದ ಶನಿವಾರದವರೆಗೆ ರೆಸ್ಟ್ ಮಾಡಿರುತ್ತೀರಿ, ಅಲ್ವಾ? ಪ್ರವಾಸದಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಆರು ದಿನ ತುಳಿತ, ಒಂದು ದಿನ ಬಿಡುವು. ಅದೂ ಲಗೇಜ್ ಹೊತ್ತ ಸೈಕಲ್, ನೆಲದ ಮೇಲೆ ಮಲಗಿದ ಬೆನ್ನು. ನಾಲ್ಕನೇ ಐದನೇ ದಿನಕ್ಕೆ ಕಾಲಿಗಿಂತ ಮೊದಲು ಮನಸ್ಸು ಮೊಂಡಾಗುತ್ತದೆ. ನದಿ, ಚರ್ಚು, ದ್ರಾಕ್ಷಿ ತೋಟ ಎಲ್ಲ ಒಂದೇ ಥರ ಕಾಣಲು ಶುರುವಾಯಿತು ಅಂದರೆ ನಿಲ್ಲುವ ಹೊತ್ತಾಯಿತು ಅಂತ ತಿಳಿಯಿರಿ.

ವಾರದ ಯಾವ ದಿನ ನಿಲ್ಲುತ್ತೀರಿ ಅನ್ನುವುದು ಬಹಳ ಮುಖ್ಯ. ಜರ್ಮನಿ, ಆಸ್ಟ್ರಿಯಾ ಎರಡರಲ್ಲೂ ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ, ಸೈಕಲ್ ಅಂಗಡಿಯೂ ಅಷ್ಟೇ. ದೊಡ್ಡ ರೈಲು ನಿಲ್ದಾಣದೊಳಗೆ ಒಂದೆರಡು ಅಂಗಡಿ ಸಿಗಬಹುದು. ಜರ್ಮನಿಯಲ್ಲಿ ಬೆಳಿಗ್ಗೆ ಕೆಲವು ಗಂಟೆ ಬೇಕರಿ ತೆಗೆದಿರುತ್ತಾರೆ. ಹಾಗಾಗಿ ನನ್ನ ಸಲಹೆ: ಭಾನುವಾರ ತುಳಿಯಿರಿ, ಅದಕ್ಕೆ ಬೇಕಾದ ಊಟ ಶನಿವಾರ ಸಂಜೆಯೇ ಕೊಂಡಿಡಿ. ರೆಸ್ಟ್ ವಾರದ ನಡುವೆ ಇರಲಿ. ಜೂನ್ ಅಂತೀರಿ, ಕಾರ್ಪಸ್ ಕ್ರಿಸ್ಟಿ ಹಬ್ಬ ಯಾವತ್ತು ಅಂತ ಈಗಲೇ ನೋಡಿಕೊಳ್ಳಿ. ಈಸ್ಟರ್ ಆದ 60 ದಿನಕ್ಕೆ ಬರುತ್ತದೆ, ಯಾವಾಗಲೂ ಗುರುವಾರ. ಜರ್ಮನಿಯ ಬವೇರಿಯಾ ರಾಜ್ಯದಲ್ಲೂ ಆಸ್ಟ್ರಿಯಾದಲ್ಲೂ ಅವತ್ತು ಅಂಗಡಿ ಬಂದ್.

ಇನ್ನೊಂದು ಉಪಾಯ. ರೆಸ್ಟ್ ದಿನದ ಹಿಂದಿನ ದಿನ ಕಡಿಮೆ ತುಳಿಯಿರಿ. ಮೂವತ್ತು ನಲವತ್ತು ಕಿ.ಮೀ. ಮುಗಿಸಿ ಮಧ್ಯಾಹ್ನದೊಳಗೆ ಊರು ಸೇರಿ. ಬಟ್ಟೆ ಒಗೆಯುವುದು, ಸಾಮಾನು ತರುವುದು ಅವತ್ತೇ ಮುಗಿಯುತ್ತದೆ. ಮರುದಿನ ಎದ್ದಾಗ ಯಾವ ಕೆಲಸವೂ ಕಾಯುತ್ತಿರುವುದಿಲ್ಲ. ನನಗೆ ತುಂಬಾ ಹಿಡಿಸಿದ ದಿನಗಳು ಇವೇ.

ಊರು ನೋಡುವುದನ್ನು ರೆಸ್ಟ್ ಅಂದುಕೊಳ್ಳಬೇಡಿ. ಉಲ್ಮ್ ಪಟ್ಟಣದ ಚರ್ಚಿನ ಗೋಪುರಕ್ಕೆ 768 ಮೆಟ್ಟಿಲು. ನಮ್ಮ ಅಂಜನಾದ್ರಿಗೇ 575. ದಣಿದ ಮೊಣಕಾಲಿಗೆ ಈ ಶಿಕ್ಷೆ ಬೇಡ. ನದಿ ದಂಡೆಯ ಬೆಂಚಿನಲ್ಲಿ ಕೂತು ಹಾದು ಹೋಗುವ ದೋಣಿಗಳನ್ನು ನೋಡಿದರೂ ಊರು ನೋಡಿದ ಹಾಗೆಯೇ.

ರಾಯಚೂರಿನಿಂದ

ನಾನು ಫಿಸಿಯೋಥೆರಪಿಸ್ಟ್, ಸೈಕಲ್ ಪ್ರವಾಸವನ್ನೂ ಮಾಡುತ್ತೇನೆ. ದೇಹದ ಬಗ್ಗೆ ಮಾತ್ರ ಹೇಳುತ್ತೇನೆ.

ಬೆಳಿಗ್ಗೆ ಏಳುವ ಮೊದಲು, ಮಲಗಿದಲ್ಲೇ ನಾಡಿ ಎಣಿಸಿ. ಪ್ರವಾಸಕ್ಕೆ ಮುಂಚೆ ಮನೆಯಲ್ಲೂ ಒಂದು ವಾರ ಎಣಿಸಿ ಬರೆದಿಡಿ. ನಿಮಗೆ ಮಾಮೂಲಿಗಿಂತ ನಿಮಿಷಕ್ಕೆ ಎಂಟು ಹತ್ತು ಬಡಿತ ಜಾಸ್ತಿ ಬಂದು, ಜೊತೆಗೆ ನಿದ್ದೆ ಸರಿ ಇಲ್ಲ, ಹಸಿವಿಲ್ಲ ಅಂದರೆ ಪ್ಲಾನ್‌ನಲ್ಲಿ ಇರಲಿ ಬಿಡಲಿ, ಅವತ್ತು ನಿಲ್ಲಿ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಖಾಲಿಯಾದರೆ ಮತ್ತೆ ತುಂಬಲು ಸುಮಾರು 24 ಗಂಟೆ ಬೇಕು. ಅದೂ ಅನ್ನ, ರೊಟ್ಟಿ, ಆಲೂಗಡ್ಡೆಯಂಥದ್ದನ್ನು ಚೆನ್ನಾಗಿ ತಿಂದರೆ ಮಾತ್ರ. ತುಳಿಯುತ್ತಿಲ್ಲವಲ್ಲ ಅಂತ ಊಟ ಕಡಿಮೆ ಮಾಡಬೇಡಿ.

ಸೀಟಿನ ಗಾಯ ನಾಚಿಕೆಯ ವಿಷಯ ಅಲ್ಲ. ಎಷ್ಟೋ ಜನರ ಪ್ರವಾಸ ಅದರಿಂದಲೇ ನಿಂತಿದೆ. ರೆಸ್ಟ್ ದಿನ ಪ್ಯಾಡ್ ಇರುವ ಚಡ್ಡಿ ಹಾಕಲೇಬೇಡಿ. ಸ್ನಾನ ಮಾಡಿ, ಚೆನ್ನಾಗಿ ಒಣಗಿಸಿ, ಸಡಿಲ ಲುಂಗಿ ಉಡಿ. ಹೆಣ್ಣುಮಕ್ಕಳಾದರೆ ಸಡಿಲ ಹತ್ತಿ ಪೈಜಾಮ. ಚಡ್ಡಿಗಳನ್ನು ತಿರುಗಿಸಿ ಬಿಸಿಲಿಗೆ ಹಾಕಿ.

ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದರೆ ಅಂಗೈ ಅಂಚಿನ ಅಲ್ನಾರ್ ನರದ ಮೇಲೆ ಹ್ಯಾಂಡಲ್ ಒತ್ತುತ್ತಿದೆ ಅಂತ ಅರ್ಥ. ಒಂದು ದಿನ ಹ್ಯಾಂಡಲ್ ಹಿಡಿಯದಿದ್ದರೆ ಹಗುರಾಗುತ್ತದೆ. ಆದರೆ ಹ್ಯಾಂಡಲ್ ಸ್ವಲ್ಪ ಎತ್ತರಿಸದಿದ್ದರೆ ಮತ್ತೆ ಬರುತ್ತದೆ. ಮೊಣಕಾಲಿನ ಮುಂದೆ ನೋವು ಅಂದರೆ ಸೀಟು ತಗ್ಗಾಗಿರುವ ಸಾಧ್ಯತೆ ಜಾಸ್ತಿ, ಹಿಂದೆ ಅಂದರೆ ಎತ್ತರವಾಗಿರುವ ಸಾಧ್ಯತೆ. ಒಂದೇ ಸಲಕ್ಕೆ ಬದಲಿಸಬೇಡಿ, ಎರಡು ಮೂರು ಮಿ.ಮೀ. ಸಾಕು.

ಸಂಡೂರಿನಿಂದ

ಸೈಕಲ್ಲಿಗೂ ಒಂದು ಗಂಟೆ ಕೊಡಿ. ಚೈನ್ ಒರೆಸಿ ಎಣ್ಣೆ ಬಿಡಿ. ಸ್ಟೀಲ್ ಸ್ಕೇಲ್ ಇಟ್ಟು ಅಳೆಯಿರಿ. ಅರ್ಧ ಇಂಚಿನ 24 ಕೊಂಡಿ ಸೇರಿ 12 ಇಂಚು ಇರಬೇಕಾದ ಕಡೆ 1/16 ಇಂಚು ಜಾಸ್ತಿ ಬಂದರೆ ಹೊಸದು ಹಾಕಿಸಿ. ಟೈರಿಗೆ ಚುಚ್ಚಿಕೊಂಡ ಗಾಜಿನ ಚೂರು ಕೀಳಿ. ಕ್ಯಾರಿಯರ್ ಬೋಲ್ಟ್‌ಗಳನ್ನು ಮರೆಯಬೇಡಿ, ಲಗೇಜ್ ಅಲುಗಾಟಕ್ಕೆ ಸಡಿಲವಾಗುವುದು ಅವೇ. ಈ ಕೆಲಸ ಬೆಳಿಗ್ಗೆಯೇ ಮಾಡಿ. ಏನಾದರೂ ಕೊಳ್ಳಬೇಕಾದರೆ ಅಂಗಡಿ ತೆರೆದಿರುತ್ತದೆ.

ಗಂಗಾವತಿಯಿಂದ

ಈ ಪ್ರವಾಸಕ್ಕೆ ನೇರ ಸಂಬಂಧ ಇಲ್ಲ, ಆದರೆ ಮುಂದೆ ಯಾರಿಗಾದರೂ ಬೇಕಾಗುತ್ತದೆ. ತಜಿಕಿಸ್ತಾನದ ಪಾಮಿರ್ ಹೆದ್ದಾರಿಯಂಥ ಕಡೆ ರೆಸ್ಟ್ ದಿನದ ಕೆಲಸವೇ ಬೇರೆ: ದೇಹ ಎತ್ತರದ ತೆಳು ಗಾಳಿಗೆ ಒಗ್ಗಬೇಕು. ಅಲ್ಲಿನ ಅಕ್‌ಬೈತಾಲ್ ಕಣಿವೆದಾರಿಯ ಎತ್ತರ 4,655 ಮೀಟರ್. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಮೇಲೇರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಕಾಲು ಗಟ್ಟಿ ಇದ್ದರೂ ಇದನ್ನು ಬಿಡುವ ಹಾಗಿಲ್ಲ.

ವೀಸಾ ಬಗ್ಗೆ ಒಂದು ಮಾತು. ಈ ದೇಶಗಳಿಗೆಲ್ಲ ಒಂದೇ ಆದ ಶೆಂಗೆನ್ ವೀಸಾದಲ್ಲಿ ಒಳಹೋದ ದಿನ, ಹೊರಬಂದ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಸ್ಟಿಕ್ಕರ್ ಮೇಲೆ ಎಷ್ಟು ದಿನ ಅಂತ ಬರೆದಿರುತ್ತಾರೋ ಅಷ್ಟೇ. ರೆಸ್ಟ್ ದಿನಗಳನ್ನು ಅರ್ಜಿಯ ಪ್ಲಾನ್‌ನಲ್ಲೇ ಸೇರಿಸಿ. ವಿಮೆಯೂ ಅಷ್ಟೂ ದಿನಕ್ಕೆ ಇರಬೇಕು.

ಸಿರುಗುಪ್ಪದಿಂದ

ಇಬ್ಬರೇ ಹೋಗುತ್ತಿದ್ದೀರಿ. ರೆಸ್ಟ್ ದಿನ ಅರ್ಧ ದಿನವಾದರೂ ಬೇರೆ ಬೇರೆ ಇರಿ. ಮೂರು ಹೊತ್ತೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರೆ ಎಂಥ ಗೆಳೆತನಕ್ಕೂ ಬೇಸರ ಬರುತ್ತದೆ. ಸಂಜೆ ಕೂಡಿ ಅಡುಗೆ ಮಾಡಿ. ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ, ಕೆಡುವುದಿಲ್ಲ. ತುಪ್ಪ, ಹಾಲಿನ ಪದಾರ್ಥ, ಮಾಂಸ ಯೂರೋಪಿನೊಳಗೆ ಬಿಡುವುದಿಲ್ಲ. ಮನೆಗೆ ನೆಮ್ಮದಿಯಿಂದ ಫೋನ್ ಮಾಡುವುದೂ ಅವತ್ತೇ ಆಗಲಿ. ಜೂನ್‌ನಲ್ಲಿ ಅಲ್ಲಿ ಸಂಜೆ ಐದೂವರೆ ಅಂದರೆ ನಮ್ಮಲ್ಲಿ ರಾತ್ರಿ ಒಂಬತ್ತು. ಊಟ ಮುಗಿಸಿ ಅಮ್ಮ ಬಿಡುವಾಗಿರುತ್ತಾರೆ.

ಬಳ್ಳಾರಿಯಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಗೆಳೆಯನಿಗೂ ಓದಿ ಹೇಳಿದೆ, ಒಪ್ಪಿದ್ದಾನೆ. ಆದರೆ 25 ದಿನದಲ್ಲಿ ಇದನ್ನೆಲ್ಲ ಕೂರಿಸುವುದು ಹೇಗೆ?

ಕೊಪ್ಪಳದಿಂದ

ದಿನಕ್ಕೆ 70 ಕಿ.ಮೀ. ಹತ್ತಿರ ಹಿಡಿದರೆ ತುಳಿಯಲು 18 ದಿನ. ಸೈಕಲ್ ಜೋಡಿಸಲು ಮೊದಲ ದಿನ, ಪೆಟ್ಟಿಗೆಗೆ ತುಂಬಿ ವಿಮಾನ ಹತ್ತಲು ಕೊನೆಯ ಎರಡು ದಿನ. ಉಳಿದದ್ದು ನಾಲ್ಕು. ಮೂರು ದಿನ ರೆಸ್ಟ್‌ಗೆ, ಒಂದು ದಿನ ಮಳೆಗೋ ರಿಪೇರಿಗೋ ಕೈಯಲ್ಲಿರಲಿ. ಉಲ್ಮ್‌ನಲ್ಲಿ ಅರ್ಧ ದಿನದ ಬಿಡುವು ಸಾಕು. ಪೂರ್ತಿ ದಿನ ರೇಗೆನ್ಸ್‌ಬರ್ಗ್‌ನಲ್ಲಿ ಒಂದು, ಲಿಂಜ್ ಹತ್ತಿರ ಒಂದು. ಮೂರನೆಯದನ್ನು ಎಲ್ಲರೂ ವಿಯೆನ್ನಾದಲ್ಲಿ ಇಡುತ್ತಾರೆ. ನಾನಾದರೆ ಅದಕ್ಕೆ ಸ್ವಲ್ಪ ಮೊದಲು ಸಿಗುವ ಕ್ರೆಮ್ಸ್‌ನಲ್ಲಿ ಇಡುತ್ತೇನೆ. ಸಣ್ಣ ಊರು, ಖರ್ಚೂ ಕಡಿಮೆ. ಜಾಗ ಮೊದಲೇ ಬುಕ್ ಮಾಡಿ ಕಟ್ಟಿಹಾಕಿಕೊಳ್ಳಬೇಡಿ. ಒಂದು ದಿನ ಹಿಂದೆ ಮುಂದೆ ಆಗುವುದು ಸಹಜ.