ಟಾಪ್ ಲೋಡ್ ಮಷಿನ್: ಮೋಟಾರ್ ಓಡುತ್ತೆ, ಪಲ್ಸೇಟರ್ ತಿರುಗಲ್ಲ

ಪ್ರಶ್ನೆ: 6.5 ಕೆಜಿ ಫುಲ್ ಆಟೋಮ್ಯಾಟಿಕ್, ಬೆಲ್ಟ್ ಇರೋದು. ವಾಷ್‌ನಲ್ಲಿ ಮೋಟಾರ್ ಸದ್ದು ಬರುತ್ತೆ, ಪಲ್ಸೇಟರ್ (ಟಬ್ ತಳದಲ್ಲಿ ಬಟ್ಟೆ ತಿರುಗಿಸೋ ಚಕ್ರ) ತಿರುಗಲ್ಲ, ಕಟಕಟ ಅನ್ನುತ್ತೆ. ಸ್ಪಿನ್ ಸರಿಯಿದೆ. ಗೇರ್‌ಬಾಕ್ಸೇ ಬದಲಿಸಬೇಕಾ?

ಉತ್ತರ 1: ಅವಸರ ಬೇಡ ಸರ್. ಪ್ಲಗ್ ಕಿತ್ತು, ನಡುವಿನ ಸ್ಕ್ರೂ ಬಿಚ್ಚಿ ಪಲ್ಸೇಟರ್ ಎತ್ತಿ ನೋಡಿ. ಅದರ ಒಳಹಲ್ಲು ಸವೆದು ನುಣ್ಣಗಾಗಿದ್ದರೆ ಪಲ್ಸೇಟರ್ ಒಂದೇ ಸಾಕು, ಖರ್ಚು ಕಮ್ಮಿ. ಹಲ್ಲು ಚೆನ್ನಾಗಿದ್ದರೆ ಮಷಿನ್ ಒರಗಿಸಿ, ಕೆಳಗಿನ ದೊಡ್ಡ ಪುಲ್ಲಿಯನ್ನ ಕೈಲಿ ತಿರುಗಿಸಿ. ಮೇಲಿನ ಶಾಫ್ಟ್ ಪುಲ್ಲಿಗಿಂತ ನಿಧಾನವಾಗಿ ಸುತ್ತಬೇಕು. ಪುಲ್ಲಿ ಸುತ್ತಿಯೂ ಶಾಫ್ಟ್ ನಿಂತೇ ಇದ್ದರೆ ಒಳಗಿನ ಗೇರ್ ಹಲ್ಲು ಮುರಿದಿದೆ. ಸ್ಪಿನ್‌ನಲ್ಲಿ ಕ್ಲಚ್ ಪುಲ್ಲಿ, ಶಾಫ್ಟ್, ಟಬ್ ಎಲ್ಲವನ್ನೂ ಒಟ್ಟಿಗೆ ಹಿಡಿಯೋದರಿಂದ ಅಲ್ಲಿ ದೋಷ ಕಾಣಲ್ಲ.

ಉತ್ತರ 2: ಗೇರ್ ಮುರಿದಿದ್ದರೆ ಅದನ್ನ ಮಾತ್ರ ಹಾಕಿಸೋಕೆ ಹೋಗಬೇಡಿ, ಕ್ಲಚ್ ಸಮೇತ ಪೂರ್ತಿ ಅಸೆಂಬ್ಲಿ ತನ್ನಿ. ಹಳೇದನ್ನ ಅಂಗಡಿಗೇ ಒಯ್ದು ಶಾಫ್ಟ್ ಉದ್ದ, ಹಲ್ಲಿನ ಲೆಕ್ಕ ಹೋಲಿಸಿ. ಟಬ್ ಹಿಡಿದಿರೋ ದೊಡ್ಡ ನಟ್ ಹಲವು ಮಾಡೆಲ್‌ಗಳಲ್ಲಿ 38 ಮಿ.ಮೀ. ತುಕ್ಕಿದ್ದರೆ ಎಣ್ಣೆ ಹಾಕಿ ಅರ್ಧ ಗಂಟೆ ಕಾಯಿರಿ. ಸುತ್ತಿಗೆ ಶಾಫ್ಟ್‌ಗೆ ತಾಗಿಸಬೇಡಿ. ವಾಟರ್ ಸೀಲ್ ಹೊಸದೇ ಹಾಕಿ. ಹಳೇ ಸೀಲಿಂದ ನೀರಿಳಿದರೆ ಹೊಸ ಬೇರಿಂಗೂ ಕೆಡುತ್ತೆ.

ಉತ್ತರ 3: ಡ್ರೈನ್ ಮೋಟಾರ್ (ನೀರು ಹೊರಬಿಡೋ ವಾಲ್ವ್ ತೆರೆಯೋದು) ಎಳೆಯೋ ಬ್ರೇಕ್ ಲಿವರ್ ಮರೀಬೇಡಿ. ಬಿಗಿಯಾದರೆ ವಾಷ್‌ನಲ್ಲೇ ಟಬ್ ಸುತ್ತುತ್ತೆ, ಸಡಿಲವಾದರೆ ಸ್ಪಿನ್ ಆಗಲ್ಲ.